ಹದಿನಾರು ತುಂಬಿದ್ದು ಯಾವತ್ತು

ಮಾರ್ಚ್ 3

ತಂಗೀ,

ಫೋನಿನಲ್ಲಿ ಮಾತಾಡಿದರೆ ನಾವಿಬ್ಬರೂ ಮೂರನೇ ನಿಮಿಷಕ್ಕೆ ಜಗಳಕ್ಕೆ ಇಳಿಯುತ್ತೇವೆ, ಅದಕ್ಕೇ ಈ ಕಾಗದ. ಕೂತುಕೊಂಡು ಓದು. ನಮ್ಮ ಚಿನಕುರಳಿ ಮತ್ತೆ ಸಿಕ್ಕಿಹಾಕಿಕೊಂಡಿದ್ದಾಳೆ.

ಹೋದ ತಿಂಗಳು ಇಪ್ಪತ್ತನಾಲ್ಕಕ್ಕೆ ಅವಳೂ ಅವಳ ಆ ಇಬ್ಬರು ಗೆಳತಿಯರೂ ಸೇರಿ ಔಷಧಿ ಅಂಗಡಿಯ ಮುಂದೆ ನಿಂತಿದ್ದ ಸ್ಕೂಟರ್ ಎತ್ತಿಕೊಂಡು ಹೋಗಿದ್ದಾರೆ. ಕಾವಲುಗಾರ ಅಡ್ಡ ಬಂದಿದ್ದಾನೆ, ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದಾನೆ. ಓಡಿಸುತ್ತಿದ್ದವಳು ನಮ್ಮವಳೇ. ಎಲ್ಲ ಕ್ಯಾಮೆರಾದಲ್ಲಿದೆ, ಇಲ್ಲ ಎನ್ನುವಂತಿಲ್ಲ. ಹೋದ ವರ್ಷ ಮೇ ತಿಂಗಳಲ್ಲಿ ಒಂದು ಸ್ಕೂಟರ್, ಡಿಸೆಂಬರಿನಲ್ಲಿ ಮೊಬೈಲ್ ಅಂಗಡಿ, ಈಗ ಇದು. ಹಿಂದಿನ ಎರಡು ಸಲವೂ ಮಕ್ಕಳ ಕೋರ್ಟಿನಲ್ಲಿ, 'ಒಪ್ಕೊಂಡ್ಬಿಡು, ಬೇಗ ಮನೆಗೆ ಬರಬಹುದು' ಎಂದು ನಾನೇ ಅವಳಿಗೆ ಹೇಳಿಕೊಟ್ಟಿದ್ದೆ. ಬೇಗ ಮನೆಗೆ ಬಂದಳು, ನಿಜ. ಆದರೆ ಆ ಎರಡು ಒಪ್ಪಿಗೆಗಳೂ ಅಲ್ಲೇ ಫೈಲಿನಲ್ಲಿ ಕೂತು ಮೂರನೆಯದಕ್ಕೆ ಕಾಯುತ್ತಿದ್ದವಂತೆ.

ಕೋರ್ಟಿನವರು ಕೊಟ್ಟ ಲಾಯರಮ್ಮ ನನ್ನನ್ನು ಮೆಟ್ಟಿಲ ಮೇಲೆ ಕೂರಿಸಿಕೊಂಡು ಬಿಡಿಸಿ ಹೇಳಿದಳು. 'ಹದಿನಾರು ತುಂಬಿದ್ಮೇಲೆ ಮೂರು ಸಲ ತಪ್ಪು ಸಾಬೀತಾದ್ರೆ ಮಕ್ಕಳ ಲೆಕ್ಕದಿಂದ ತೆಗೆದುಹಾಕ್ತಾರೆ. ದೊಡ್ಡ ಕೋರ್ಟು, ದೊಡ್ಡವರ ಜೈಲು. ಎಂಟು ವರ್ಷಕ್ಕಿಂತ ಕಡಿಮೆ ಕೊಡೋ ಅಧಿಕಾರ ಜಡ್ಜ್‌ಗೂ ಇರಲ್ಲ.' ಎರಡೇ ಸಲ ಆಗಿದ್ದರೆ ಬಾಲಮಂದಿರದಲ್ಲೇ ಹದಿನೆಂಟು ತುಂಬುವವರೆಗೆ ಇದ್ದು ಮನೆಗೆ ಬರುತ್ತಿದ್ದಳು. ವಿಚಾರಣೆ ಜುಲೈ ಎರಡಕ್ಕೆ.

ನಾನು ಅರ್ಧ ದಿನ ರಜೆ ಹಾಕಿ, ಎರಡು ಬಸ್ ಬದಲಾಯಿಸಿ ಅವಳನ್ನು ನೋಡಲು ಬಾಲಮಂದಿರಕ್ಕೆ ಹೋದೆ. ಜಾಲರಿಯ ಆಚೆ ಬಂದು ಕೂತವಳ ಮೊದಲ ಮಾತೇನು ಗೊತ್ತಾ? 'ಅಮ್ಮಾ, ಚಿಕ್ಕಮ್ಮಂಗೆ ಹೇಳಿದ್ಯಾ?' ಎಂದು. ಹೇಳುತ್ತಿದ್ದೇನೆ, ಇಗೋ. ನೀನು ಹೊರಟು ಬರಬೇಡ. ಬಂದು ಮಾಡುವುದೇನೂ ಇಲ್ಲ.

ಅಕ್ಕ


ಮಾರ್ಚ್ 11

ಅಕ್ಕಾ,

ನಿನ್ನ ಕಾಗದವನ್ನು ಲ್ಯಾಬಿನಲ್ಲೇ ಓದಿದೆ. ಕೈಯಲ್ಲಿ ಕಟ್ಟುತ್ತಿದ್ದ ಹಲ್ಲಿನ ಸೆಟ್ ಕೆಳಗೆ ಬಿದ್ದು ಎರಡು ಹೋಳಾಯಿತು. ಲ್ಯಾಬಿನ ಯಜಮಾನರು ಬೈದದ್ದೂ ಸರಿಯಾಗಿ ಕೇಳಿಸಲಿಲ್ಲ.

ಬೈಯಬೇಡ, ನಾನೊಂದು ಲೆಕ್ಕ ಹಾಕಿದ್ದೇನೆ. ಹದಿನಾರು ತುಂಬಿದ ಮೇಲೆ ಎಂದು ಲಾಯರಮ್ಮ ಹೇಳಿದಳಲ್ಲವೇ? ಅವರೆಲ್ಲ ಎಣಿಸುತ್ತಿರುವುದು ಜನವರಿ ಇಪ್ಪತ್ತರಿಂದ. ಆ ದಿನ ಹುಟ್ಟಿದ್ದು ನಿನ್ನ ಮಗು, ಇಪ್ಪತ್ತೆರಡು ದಿನ ಬದುಕಿ ಹೋದದ್ದು. ಚಿನಕುರಳಿ ಹುಟ್ಟಿದ್ದು ಅದೇ ವರ್ಷ ನವೆಂಬರ್ ಒಂಬತ್ತಕ್ಕೆ, ನನ್ನ ಹೊಟ್ಟೆಯಲ್ಲಿ. ನಾವಿಬ್ಬರೂ ಇದನ್ನು ಬಾಯಿಬಿಟ್ಟು ಹೇಳಿ ಎಷ್ಟು ವರ್ಷವಾಯಿತೋ. ನನಗೆ ಆಗ ಹತ್ತೊಂಬತ್ತು, ಮದುವೆಯಾಗುತ್ತೇನೆ ಎಂದವನ ಪತ್ತೆ ಇರಲಿಲ್ಲ. ಹನ್ನೆರಡು ದಿನದ ಕೂಸನ್ನು ನೀನು ಎತ್ತಿಕೊಂಡು ಹೋದೆ. ಸತ್ತ ಮಗುವಿನ ಜನನ ಪತ್ರ ಬೀರುವಿನಲ್ಲೇ ಇತ್ತು, ಸಾವನ್ನು ಯಾರೂ ಬರೆಸಿರಲಿಲ್ಲ. 'ಇದೇ ಇರ್ಲಿ ಬಿಡಿ, ಇನ್ನೊಂದು ಯಾಕೆ' ಎಂದು ಭಾವ ಅದನ್ನೇ ಶಾಲೆಗೆ ಕೊಟ್ಟರು. ಹೆಸರೂ ಅದೇ, ತಾರೀಖೂ ಅದೇ.

ಹಾಗಾಗಿ ಹೋದ ಮೇ ತಿಂಗಳಲ್ಲಿ ಅವಳಿಗೆ ಹದಿನಾರು ತುಂಬಿರಲಿಲ್ಲ, ಹದಿನೈದೂವರೆ. ಆ ಮೊದಲ ಕೇಸು ಲೆಕ್ಕಕ್ಕೇ ಬರಬಾರದು. ಉಳಿಯುವುದು ಎರಡೇ. ಆಸ್ಪತ್ರೆಯಿಂದ ಬಿಡುವಾಗ ಕೊಟ್ಟ ಚೀಟಿಯನ್ನು ನೀನು ನನ್ನಿಂದ ಇಸಿದುಕೊಂಡಿದ್ದೆ. ಅದರಲ್ಲಿ ತಾರೀಖಿದೆ, ತಾಯಿಯ ಜಾಗದಲ್ಲಿ ನನ್ನ ಹೆಸರಿದೆ. ಅದನ್ನು ಲಾಯರಮ್ಮನಿಗೆ ಕೊಡು. ಎಂಟು ವರ್ಷದ ಜೈಲು ತಪ್ಪುತ್ತದೆ ಅಕ್ಕಾ.

ನಿನ್ನ ತಂಗಿ


ಮಾರ್ಚ್ 19

ತಂಗೀ,

ಲೆಕ್ಕ ಚೆನ್ನಾಗಿ ಬರುತ್ತದೆ ನಿನಗೆ. ದಿನವಿಡೀ ಹಲ್ಲು ಎಣಿಸಿ ಎಣಿಸಿ ಅಭ್ಯಾಸವಾಗಿದೆ. ಆದರೆ ಊರವರ ಬಾಯಿಗೆಲ್ಲ ಹಲ್ಲು ಕಟ್ಟಿಕೊಡುವವಳು ನನ್ನ ಬಾಯಿಗೊಂದು ಬೀಗ ಹಾಕಿಕೊಳ್ಳುತ್ತೇನೆ ಎಂದು ಮಾತು ಕೊಟ್ಟಿದ್ದೆ, ಅದು ಮರೆತಂತಿದೆ. 'ಇವಳು ನಿನ್ನವಳೇ ಅಕ್ಕ, ನಾನು ಸಾಯೋವರೆಗೂ ಬಾಯಿ ಬಿಡಲ್ಲ' ಅಂದವಳು ಯಾರು? ನನ್ನ ಹೊಟ್ಟೆಯಲ್ಲಿ ಅಂತ ಎಷ್ಟು ಸಲೀಸಾಗಿ ಬರೆದಿದ್ದೀ. ಹೊಟ್ಟೆಯಲ್ಲಿದ್ದದ್ದು ಒಂಬತ್ತು ತಿಂಗಳು. ಕಿವಿ ಸೋರಿದಾಗ, ಪರೀಕ್ಷೆಯಲ್ಲಿ ಸೊನ್ನೆ ತೆಗೆದಾಗ, ಪೊಲೀಸ್ ಸ್ಟೇಷನ್ ಬೆಂಚಿನಲ್ಲಿ ಮೊದಲ ಸಲ ಕೂತಾಗ ಪಕ್ಕದಲ್ಲಿದ್ದವಳು ನಾನು.

ಲಾಯರಮ್ಮನನ್ನು ಕೇಳಿದೆ. ಶಾಲೆಯ ದಾಖಲೆ ಇರುವಾಗ ಕೋರ್ಟು ಬೇರೆ ಯಾವ ಚೀಟಿಯನ್ನೂ ನೋಡುವುದಿಲ್ಲವಂತೆ. ಅಲ್ಲಿಗೆ ಮುಗಿಯಿತು.

ಇನ್ನೊಂದು ವಿಷಯ. ಬಾಲಮಂದಿರದ ವಾರ್ಡನ್ ಹೇಳಿದಳು, ನಮ್ಮವಳು ವಾರಕ್ಕೊಂದು ಕಾಗದ ಹಾಕುತ್ತಾಳಂತೆ, 'ನಾಲ್ಕು ನಾಲ್ಕು ಹಾಳೆ ಬರೀತಾಳೆ ಕಣಮ್ಮ, ಒಳ್ಳೆ ಹುಡುಗಿ' ಎಂದು. ನನಗೆ ಬಂದದ್ದು ಒಂದೇ ಒಂದು, ಎರಡು ಸಾಲಿನದು. ಸೋಪು ಮುಗಿದಿದೆ, ಕಾಲುಚೀಲ ತೂತಾಗಿದೆ. ಆ ನಾಲ್ಕು ಹಾಳೆ ಯಾರಿಗೆ ಹೋಗುತ್ತಿವೆ? ಎಷ್ಟು ದಿನದಿಂದ? ಅಂಗಡಿಯಲ್ಲಿ ಹನ್ನೊಂದು ಕಿಟಕಿಯ ಕರ್ಟನ್ನಿಗೆ ನೆರಿಗೆ ಹಿಡಿಯುತ್ತಾ ಇದನ್ನೇ ಯೋಚಿಸಿದೆ, ಹನ್ನೊಂದನ್ನೂ ಬಿಚ್ಚಿ ಮತ್ತೆ ಹೊಲಿಯಬೇಕಾಯಿತು. ನಿಜ ಬರೆ.

ಅಕ್ಕ


ಮಾರ್ಚ್ 28

ಅಕ್ಕಾ,

ನಿಜ ಬರೆಯುತ್ತೇನೆ. ಒಂದು ವರ್ಷದಿಂದ ನನಗೇ ಬರೆಯುತ್ತಿದ್ದಾಳೆ. ಹೋದ ಅಕ್ಟೋಬರಿನಲ್ಲಿ ಗೆಳತಿಯ ಮನೆಯಲ್ಲಿ ಎರಡು ದಿನ ಇದ್ದಳು ಎಂದೆಯಲ್ಲ, ಅವಳು ಇದ್ದದ್ದು ನನ್ನ ರೂಮಿನಲ್ಲಿ. ಹೇಳದೆ ಕೇಳದೆ ಒಬ್ಬಳೇ ಬಸ್ಸಿನಲ್ಲಿ ಬಂದು ಬಾಗಿಲಲ್ಲಿ ನಿಂತಿದ್ದಳು. 'ಅಮ್ಮಂಗೆ ಹೇಳಿದ್ರೆ ಇನ್ಯಾವತ್ತೂ ಬರಲ್ಲ' ಎಂದಳು. ಇನ್ಯಾವತ್ತೂ ಬರುವುದಿಲ್ಲ ಎಂಬ ಮಾತಿಗೆ ನಾನು ಹೆದರಿದೆ. ಅದಕ್ಕೇ ಹೇಳಲಿಲ್ಲ.

ಅವಳಿಗೆ ಏನೂ ಗೊತ್ತಿಲ್ಲ, ಆಣೆ. ಲ್ಯಾಬಿನಲ್ಲಿ ನನ್ನ ಪಕ್ಕ ಕೂತು ಮೇಣದಲ್ಲಿ ಒಂದು ಹಲ್ಲು ಕೆತ್ತಿದಳು, ಮೊದಲ ಸಲಕ್ಕೇ ಸರಿಯಾಗಿ ಬಂತು. ಯಜಮಾನರು, 'ನಿಮ್ಮ ಮಗಳಾ? ಕೈ ಥೇಟ್ ನಿಮ್ದೇ' ಎಂದರು. ನಾನು ಅಕ್ಕನ ಮಗಳು ಎಂದೆ. ಎಷ್ಟು ಗಟ್ಟಿಯಾಗಿ ಹೇಳಿದೆನೆಂದರೆ ಪಕ್ಕದ ಮೇಜಿನವರು ತಿರುಗಿ ನೋಡಿದರು.

ನಿನಗೆ ಹೊಟ್ಟೆಕಿಚ್ಚು ಎಂದು ನನಗೆ ಗೊತ್ತು. ನನ್ನದೂ ಕೇಳು. ನೀನು ಪ್ರತಿ ವರ್ಷ ಕಳಿಸುವ ಫೋಟೋದಲ್ಲಿ ಅವಳ ಹೆಗಲ ಮೇಲೆ ನಿನ್ನ ಕೈ ಇರುತ್ತದೆ. ಆ ಕೈಯನ್ನು ಹೆಬ್ಬೆರಳಿನಿಂದ ಮುಚ್ಚಿಕೊಂಡು ನೋಡುತ್ತೇನೆ. ಹದಿನಾರು ಫೋಟೋಗಳಲ್ಲೂ ಹಾಗೇ ನೋಡಿದ್ದೇನೆ. ಆದರೂ ಒಂದು ದಿನವೂ ಅವಳನ್ನು ವಾಪಸ್ ಕೊಡು ಎಂದು ಕೇಳಿದವಳಲ್ಲ. ಈಗಲೂ ಕೇಳುತ್ತಿಲ್ಲ. ಚೀಟಿಯನ್ನು ಲಾಯರಮ್ಮನ ಕೈಗೆ ಕೊಟ್ಟೇ ಕೇಳು. ಸುಮ್ಮನೆ ಬಾಯಿಮಾತಿನಲ್ಲಿ ಕೇಳಿದರೆ ಲಾಯರಮ್ಮನೂ ಬಾಯಿಮಾತಿನಲ್ಲೇ ಇಲ್ಲ ಎನ್ನುತ್ತಾಳೆ. ಚಿನಕುರಳಿ ನಿನ್ನ ಮಗಳಾಗಿಯೇ ಇರಲಿ, ಜೈಲಿನ ಹೊರಗೆ ಇರಲಿ.

ತಂಗಿ


ಏಪ್ರಿಲ್ 6

ಚೀಟಿ ಇಲ್ಲ. ಹಳೆ ಮನೆ ಬಿಡುವಾಗ ಆ ಟ್ರಂಕಿಗೆ ಇಲಿ ಬಿದ್ದಿತ್ತು, ಅದರಲ್ಲಿದ್ದ ಕಾಗದಗಳೆಲ್ಲ ಪುಡಿ. ನಿನ್ನೆ ಪೂರ್ತಿ ಹುಡುಕಿದೆ. ಈ ವಿಷಯ ಮತ್ತೆ ಎತ್ತಬೇಡ.

ಒಂದೇ ಒಂದು ಉಪಕಾರ ಮಾಡು. ಅವಳಿಗೆ ಬರೆಯುವುದನ್ನು ನಿಲ್ಲಿಸು. ಅವಳ ಮನಸ್ಸು ಅತ್ತ ಇತ್ತ ಆಗುತ್ತಿದೆ, ಅದು ಅವಳಿಗೆ ಒಳ್ಳೆಯದಲ್ಲ.

ಅಕ್ಕ


ಮೇ 2

ಅಕ್ಕಾ,

ತಡವಾಯಿತು, ತಪ್ಪು ತಿಳಿಯಬೇಡ. ನಾಲ್ಕು ದಿನ ರಜೆ ಕೇಳಿ ಆ ಆಸ್ಪತ್ರೆಯ ಊರಿಗೇ ಹೋಗಿದ್ದೆ. ನಿನಗೆ ಹೇಳಿದರೆ ಬೇಡ ಎನ್ನುತ್ತೀ ಎಂದು ಹೇಳಲಿಲ್ಲ. ಹೆರಿಗೆ ವಾರ್ಡ್ ಇದ್ದ ಕಡೆ ಈಗ ಗಾಡಿ ನಿಲ್ಲಿಸುತ್ತಾರೆ. ದಾಖಲೆ ಕೋಣೆಯ ಗುಮಾಸ್ತರು ಒಳ್ಳೆಯವರು, ಏಣಿ ಹತ್ತಿ ಮೇಲಿನ ಅಟ್ಟವನ್ನೆಲ್ಲ ನೋಡಿದರು. ಆಮೇಲೆ ಕೈಗೆ ಮೆತ್ತಿದ ಧೂಳು ಕೊಡವಿಕೊಂಡು, 'ಹದಿನೈದು ವರ್ಷ ಆದ್ಮೇಲೆ ರಿಜಿಸ್ಟರ್‌ಗಳನ್ನ ಇಟ್ಕೊಳ್ಳಲ್ಲಮ್ಮ. ನಿಮ್ಮ ಹತ್ರ ಚೀಟಿ ಇದ್ರೆ ಅದೇ ಸಾಕ್ಷಿ, ಬೇರೆ ಇಲ್ಲ' ಎಂದರು. ಮೆಟ್ಟಿಲಿನ ಮೇಲೆ ಕೂತು ಅತ್ತೆ. ಅಲ್ಲಿ ಎಲ್ಲರೂ ಅಳುತ್ತಾರೆ, ಯಾರೂ ನೋಡಲಿಲ್ಲ.

ಇಲಿ ಬಿದ್ದ ಕಾಗದವನ್ನು ನೀನು ತಾನೇ ಏನು ಮಾಡಲು ಸಾಧ್ಯ? ಒಂದು ದಿನವೆಲ್ಲ ಹುಡುಕಿಸಿ ನಿನ್ನ ಕೆಲಸ ಕೆಡಿಸಿದೆ. ನಿನ್ನ ಮೇಲೆ ಸ್ವಲ್ಪ ಅನುಮಾನ ಬಂದಿತ್ತು, ಅದಕ್ಕೆ ಕ್ಷಮಿಸು. ಅವಳಿಗೆ ನಿನಗಿಂತ ಹೆಚ್ಚು ಒಳ್ಳೆಯದು ಬಯಸುವವರು ಯಾರಿದ್ದಾರೆ?

ನೀನು ಹೇಳಿದಂತೆ ಬರೆಯುವುದನ್ನು ನಿಲ್ಲಿಸಿದ್ದೇನೆ. ಮೂರು ಕಾಗದ ಬಂದವು. ಒಡೆದರೆ ಉತ್ತರ ಬರೆಯದೆ ಇರಲಾರೆ ಎಂದು ಒಡೆಯದೆ ವಾಪಸ್ ಕಳಿಸಿದೆ. ಮೂರನೆಯದು ದಪ್ಪಗಿತ್ತು.

ತಂಗಿ


ಮೇ 20

ಅಕ್ಕಾ, ಯಾಕೆ ಕಾಗದವಿಲ್ಲ? ಅವಳು ಹುಷಾರಾಗಿದ್ದಾಳಾ? ಎರಡು ಸಾಲು ಸಾಕು.


ಮೇ 26

ತಂಗೀ,

ಚೀಟಿ ನನ್ನ ಹತ್ತಿರ ಇದೆ. ಇಲಿಯೂ ಬಿದ್ದಿಲ್ಲ, ಬೆಂಕಿಯೂ ಬಿದ್ದಿಲ್ಲ. ಹಾಸಿಗೆಯ ಕೆಳಗೆ ಪ್ಲಾಸ್ಟಿಕ್ ಕವರಿನಲ್ಲಿ ಬೆಚ್ಚಗಿದೆ. ಲಾಯರಮ್ಮನನ್ನು ನಾನು ಕೇಳಿಯೇ ಇರಲಿಲ್ಲ. ಅವಳು ಪಾಪ ಪ್ರತಿ ಸಲವೂ, 'ವಯಸ್ಸಿನ ಬಗ್ಗೆ ಬೇರೆ ಏನಾದ್ರೂ ಕಾಗದ ಇದ್ಯಾ ಅಮ್ಮ? ನಾಲ್ಕೈದು ತಿಂಗಳ ವ್ಯತ್ಯಾಸ ಇದ್ರೂ ಸಾಕು' ಎಂದು ಕೇಳುತ್ತಿದ್ದಳು. ನಾನು ಇಲ್ಲ ಇಲ್ಲ ಎಂದು ತಲೆಯಾಡಿಸುತ್ತಿದ್ದೆ.

ಅಕ್ಟೋಬರಿನಲ್ಲಿ ಅವಳು ನಿನ್ನ ಹತ್ತಿರ ಬಂದಿದ್ದಳು ಎಂದು ಓದಿದ ದಿನ ನನಗೆ ತಲೆ ಕೆಟ್ಟಿತು. ಏನೂ ಗೊತ್ತಿಲ್ಲದೆಯೇ ಹುಡುಕಿಕೊಂಡು ಹೋದಳಲ್ಲ. ಇನ್ನು ಗೊತ್ತಾದರೆ ನನ್ನ ಕಡೆ ತಿರುಗಿ ನೋಡುತ್ತಾಳೆಯೇ ಎಂದುಕೊಂಡೆ. ಎಂಟು ವರ್ಷ ಜೈಲಿನಲ್ಲಿದ್ದರೂ ನನ್ನ ಮಗಳಾಗಿ ಇರುತ್ತಾಳೆ, ನಾನು ವಾರ ವಾರ ಹೋಗಿ ನೋಡುತ್ತೇನೆ. ಹೀಗೆ ಯೋಚಿಸಿದೆ ಕಣೇ. ಬರೆಯಲು ನಾಚಿಕೆಯಾಗುತ್ತದೆ, ಆದರೆ ಯೋಚಿಸಿದ್ದು ನಿಜ. ನೀನು ಅವಳ ಕಾಗದ ವಾಪಸ್ ಕಳಿಸಿದೆ ಎಂದು ಓದಿದಾಗ ಖುಷಿಯೂ ಆಯಿತು. ಮುಂದಿನ ಭೇಟಿಯಲ್ಲಿ ಅವಳು, 'ನಾನೇನಾದ್ರೂ ತಪ್ಪಾಗಿ ಬರೆದ್ನಾ ಅಮ್ಮಾ? ಚಿಕ್ಕಮ್ಮಂಗೂ ನಾನು ಬೇಡ್ವಾ?' ಎಂದಳು. ಆಗಲೂ ನಾನು ಬಾಯಿ ಬಿಡಲಿಲ್ಲ. ಎಂಥ ಹೆಂಗಸು ನಾನು!

ಹೋದ ಗುರುವಾರ ಅಂಗಡಿಯ ಯಜಮಾನ ಒಂದು ಅಳತೆಗೆ ಕಳಿಸಿದ. ಹೋಗಿ ನೋಡಿದರೆ ಹೆಂಗಸರ ಜೈಲು. ಆವರಣದೊಳಗೆ ಅಧಿಕಾರಿಣಿಯ ಮನೆ, ಅದರ ಮಹಡಿಯ ಕಿಟಕಿಗಳಿಗೆ ಕರ್ಟನ್. ಟೇಪು ಹಿಡಿದು ನಿಂತೆ. ಕೆಳಗೆ ಅಂಗಳದಲ್ಲಿ ಹಾಜರಿ ಮುಗಿದಿತ್ತು. ಗೋಡೆಯ ನೆರಳಲ್ಲಿ ನನ್ನ ವಯಸ್ಸಿನ ಒಬ್ಬಳು ಇಪ್ಪತ್ತರ ಹುಡುಗಿಯೊಬ್ಬಳನ್ನು ಕಾಲ ಸಂದಿಯಲ್ಲಿ ಕೂರಿಸಿಕೊಂಡು ತಲೆ ಬಾಚುತ್ತಿದ್ದಳು. ಹುಡುಗಿ ಏನೋ ಹೇಳಿದಳು, ಇವಳು ಬಾಚಣಿಗೆಯಲ್ಲೇ ತಲೆಗೊಂದು ಮೊಟಕಿದಳು, ಇಬ್ಬರೂ ನಕ್ಕರು. ನಮ್ಮವಳು ಇಲ್ಲಿಗೆ ಬಂದರೂ ಯಾರೋ ಒಬ್ಬಳು ಹೀಗೆ ತಲೆ ಬಾಚುತ್ತಾಳೆ, ಎಂಟು ವರ್ಷದಲ್ಲಿ ಅವಳೇ ಇವಳಿಗೆ ತಾಯಿಯಾಗುತ್ತಾಳೆ ಎನ್ನಿಸಿತು. ಹೆಸರೂ ಗೊತ್ತಿಲ್ಲದ ಆ ಕೈದಿ ಹೆಂಗಸಿನ ಮೇಲೆ ನನಗೆ ಹೊಟ್ಟೆ ಉರಿಯಿತು. ನನ್ನ ಹೊಟ್ಟೆಕಿಚ್ಚಿಗೆ ಜೈಲಿನ ಗೋಡೆಯೂ ಅಡ್ಡ ಬರಲಿಲ್ಲ ನೋಡು. ಯಾವಳೋ ಅವಳಿಗೆ ತಾಯಿಯಾಗುವುದಾದರೆ ನೀನೇ ಆಗು ಎಂದುಕೊಂಡೆ. ಕಿಟಕಿಯ ಅಳತೆ ಬರೆದುಕೊಳ್ಳುವುದನ್ನೇ ಮರೆತು ಬಂದೆ.

ಲಾಯರಮ್ಮನಿಗೆ ಫೋನಿನಲ್ಲಿ ಎಲ್ಲ ಹೇಳಿದ್ದೇನೆ, ನಾಳೆ ಚೀಟಿ ಕೊಡುತ್ತೇನೆ. ನಿನಗೆ ಫೋನ್ ಬರುತ್ತದೆ. ತಾಯಿ ಯಾರೆಂದು ಪರೀಕ್ಷೆ ಮಾಡಲು ನಿನ್ನ ಊರಿನಲ್ಲೇ ರಕ್ತ ತೆಗೆಯುತ್ತಾರಂತೆ, ಅಲ್ಲಿನ ಕೋರ್ಟಿನಿಂದಲೇ ಸ್ಕ್ರೀನಿನ ಮೇಲೆ ಹೇಳಿಕೆ ಕೊಡಬಹುದಂತೆ. ಇದ್ದದ್ದು ಇದ್ದ ಹಾಗೆ ಹೇಳು.

ಅಕ್ಕ


ಮೇ 31

ಐವತ್ತು ದಿನ. ಎಣಿಸಿದ್ದೇನೆ. ಐವತ್ತು ದಿನ ನೀನು ಅದರ ಮೇಲೆ ಮಲಗಿದ್ದೆ. ನಾನು ಸುಮ್ಮನಿರುವವಳು ಎಂದು ನನ್ನನ್ನು ಏನು ಬೇಕಾದರೂ ಮಾಡಬಹುದು ಎಂದುಕೊಂಡೆಯಾ? ನಾನು ಆ ಏಣಿಯ ಕೆಳಗೆ ಕೈಮುಗಿದು ನಿಂತಿದ್ದೆ, ನೀನು ಇಲಿಯ ಕಥೆ ಕಟ್ಟಿದ್ದೆ. ಅವಳ ಕಾಗದಗಳನ್ನು ನನ್ನ ಕೈಯಿಂದಲೇ ವಾಪಸ್ ಹಾಕಿಸಿದೆ. ಅದನ್ನು ಮಾತ್ರ ನಾನು ಮರೆಯುವುದಿಲ್ಲ, ಮರೆತಂತೆ ನಟಿಸುವುದೂ ಇಲ್ಲ.

ಲಾಯರಮ್ಮ ಫೋನ್ ಮಾಡಿದ್ದಳು. ಹೋಗುತ್ತೇನೆ, ಹೇಳುತ್ತೇನೆ. ನಿನಗೋಸ್ಕರ ಅಲ್ಲ.


ಜುಲೈ 8

ತಂಗೀ,

ನಿನ್ನ ಮುಖ ಸ್ಕ್ರೀನಿನಿಂದ ಮಾಯವಾದ ಮೇಲೆ ನಡೆದದ್ದು ನಿನಗೆ ಗೊತ್ತಿಲ್ಲ. ತೀರ್ಪನ್ನು ಲಾಯರಮ್ಮ ಹೇಳಿರುತ್ತಾಳೆ. ಉಳಿದದ್ದನ್ನು ನಾನು ಬರೆಯಬೇಕು.

ಜಡ್ಜ್ ನನ್ನನ್ನು ಕರೆದು, 'ಜನವರಿ ಇಪ್ಪತ್ತಕ್ಕೆ ಹುಟ್ಟಿದ ಮಗು ಏನಾಯ್ತು?' ಎಂದರು. ಹದಿನೇಳು ವರ್ಷದಲ್ಲಿ ಇದನ್ನು ನನ್ನನ್ನು ಯಾರೂ ಕೇಳಿರಲಿಲ್ಲ. ಇಪ್ಪತ್ತೆರಡನೇ ದಿನ ಬೆಳಿಗ್ಗೆ ಹಾಲು ಕುಡಿಯಲಿಲ್ಲ, ಮಧ್ಯಾಹ್ನ ಹೋಯಿತು ಎಂದೆ. ಸಾಕ್ಷಿ ಕೇಳಿದರು. ಲಾಯರಮ್ಮ ಎದ್ದು ಸ್ಮಶಾನದ ಪುಸ್ತಕದ ಒಂದು ನಕಲು ಕೊಟ್ಟಳು. 'ಹೆಣ್ಣು ಶಿಶು, ಇಪ್ಪತ್ತೆರಡು ದಿನ', ಪಕ್ಕದಲ್ಲಿ ನಿನ್ನ ಭಾವನ ಸಹಿ. ಅವರು ಅದನ್ನು ಬರೆಸಿದ್ದಾರೆ ಎಂದು ನನಗೇ ಗೊತ್ತಿರಲಿಲ್ಲ. ಸಾಯುವವರೆಗೂ ಹೇಳಲಿಲ್ಲ. ಕೋರ್ಟಿನಲ್ಲಿ ನಿಂತು ನನ್ನ ಮಗುವಿಗೆ ಅತ್ತೆ, ಆವತ್ತು ಬಾಕಿ ಉಳಿದದ್ದನ್ನೆಲ್ಲ ಸೇರಿಸಿ ಅತ್ತೆ.

ಸರ್ಕಾರಿ ವಕೀಲ ಬಿಡಲಿಲ್ಲ. 'ಮೂರು ತಪ್ಪನ್ನೂ ಮಾಡಿದ್ದು ಈ ಹುಡುಗಿನೇ ತಾನೆ? ಹತ್ತು ತಿಂಗಳು ಹೆಚ್ಚು ಕಡಿಮೆ ಆದ್ರೆ ಏನು?' ಎಂದ. ಜಡ್ಜ್ ಕನ್ನಡಕ ತೆಗೆದು, 'ಆ ಹತ್ತು ತಿಂಗಳು ಇಲ್ಲಿ ಎಂಟು ವರ್ಷ ಆಗತ್ತೆ. ಎಣಿಸ್ಲೇಬೇಕು' ಎಂದರು. ಮೇ ತಿಂಗಳ ಕೇಸು ಲೆಕ್ಕದಿಂದ ಹೋಯಿತು. ಇನ್ನು ಹದಿನಾರು ತಿಂಗಳು ಬಾಲಮಂದಿರ, ಆಮೇಲೆ ಬಿಡುಗಡೆ. ಸುಳ್ಳು ಜನನ ಪತ್ರ ಕೊಟ್ಟದ್ದಕ್ಕೆ ನನ್ನ ಮೇಲೆ ಬೇರೆ ಕೇಸು ಹಾಕುತ್ತಾರಂತೆ. ಹಾಕಲಿ.

ಅವಳು ಪೊಲೀಸಮ್ಮನ ಪಕ್ಕ ಕೂತು ಎಲ್ಲವನ್ನೂ ಕೇಳಿಸಿಕೊಂಡಳು. ಚಿನಕುರಳಿ ಎಂದು ಹೆಸರಿಟ್ಟದ್ದೇ ಬಾಯಿ ಮುಚ್ಚದವಳು ಎಂದು, ಆವತ್ತು ಬೆಂಚಿನ ಅಂಚನ್ನು ಉಗುರಿನಲ್ಲಿ ಕೆತ್ತುತ್ತಾ ಕೂತಿದ್ದಳು. ಕರೆದುಕೊಂಡು ಹೋಗುವಾಗ ನನ್ನೆದುರು ನಿಂತು ಒಂದೇ ಒಂದು ಕೇಳಿದಳು. 'ಹಂಗಾದ್ರೆ ನನ್ನ ಹೆಸ್ರೂ ಅವಳದ್ದೇನಾ?'

ಹೌದು ಎಂದೆ. 'ಚಿನಕುರಳಿ ಅನ್ನೋದೊಂದು ನಿಂದೇ' ಎಂದೆ. ಅವಳು ತಲೆ ತಗ್ಗಿಸಿಕೊಂಡು ವ್ಯಾನ್ ಹತ್ತಿದಳು. ತಿರುಗಿ ನೋಡಲಿಲ್ಲ, ನಾನು ಕಣ್ಣಲ್ಲಿ ಕಣ್ಣಿಟ್ಟು ಕಾದೆ.

ಮೊನ್ನೆ ಶನಿವಾರ ಭೇಟಿಯ ದಿನ. ಸೋಪು, ಕಾಲುಚೀಲ, ತಲೆಗೆ ಎಣ್ಣೆ ಎಲ್ಲ ಹಿಡಿದು ಹೋದೆ. ಗೇಟಿನಲ್ಲಿ ವಾರ್ಡನ್ ನನ್ನ ಭೇಟಿ ಕಾರ್ಡ್ ಇಸಿದುಕೊಂಡು ವಾಪಸ್ ಕೊಡಲಿಲ್ಲ. 'ಕೋರ್ಟ್ ಆರ್ಡರ್ ಬಂದಿದೆ ಅಮ್ಮ. ತಾಯಿ ಹೆಸರು ಬದಲಾಗಿದೆ. ಇಲ್ಲಿ ತಂದೆ ತಾಯಿನ ಬಿಟ್ರೆ ಯಾರನ್ನೂ ಒಳಗೆ ಬಿಡಲ್ಲ. ನೀವೀಗ ಹುಡುಗಿಗೆ ದೊಡ್ಡಮ್ಮ' ಎಂದಳು. ಪಾಪ, ಅವಳಿಗೂ ಸಂಕಟವೇ, ನೆಲ ನೋಡಿಕೊಂಡು ಹೇಳಿದಳು. ದೊಡ್ಡಮ್ಮನಂತೆ! ಹದಿನಾರು ವರ್ಷ ಅಮ್ಮ, ಒಂದು ಸಹಿ ಬಿದ್ದದ್ದಕ್ಕೆ ದೊಡ್ಡಮ್ಮ. ಬೇರೆ ಅರ್ಜಿ ಹಾಕಬಹುದಂತೆ, ನನ್ನ ಮೇಲೆ ಕೇಸು ಇರುವುದರಿಂದ ಸದ್ಯಕ್ಕೆ ಆಗುವ ಮಾತಲ್ಲ. ಚೀಲವನ್ನಾದರೂ ಒಳಗೆ ಕೊಡಿ ಎಂದು ಬೇಡಿಕೊಂಡೆ, ಅದನ್ನು ಮಾತ್ರ ತೆಗೆದುಕೊಂಡಳು. ಉಳಿದವರ ತಾಯಂದಿರೆಲ್ಲ ಸಾಲಾಗಿ ಒಳಗೆ ಹೋದರು. ನಮ್ಮವಳ ಹೆಸರನ್ನು ಯಾರೂ ಕೂಗಲಿಲ್ಲ.

ಮುಂದಿನ ಭೇಟಿ ಆಗಸ್ಟ್ ಎರಡು, ಶನಿವಾರ, ಬೆಳಿಗ್ಗೆ ಹತ್ತಕ್ಕೆ. ನನ್ನ ಮೇಲಿನ ಸಿಟ್ಟನ್ನು ಹಾಗೇ ಇಟ್ಟುಕೊಂಡು ಬಾ, ನಾನು ಕ್ಷಮಿಸು ಎಂದು ಕೇಳುತ್ತಿಲ್ಲ. ಬಸ್ ಸ್ಟ್ಯಾಂಡಿಗೆ ಬರುತ್ತೇನೆ, ಗೇಟಿನವರೆಗೆ ದಾರಿ ತೋರಿಸುತ್ತೇನೆ, ಎದುರಿನ ಕಟ್ಟೆಯ ಮೇಲೆ ಕೂತಿರುತ್ತೇನೆ. ಹೊಟ್ಟೆ ಉರಿಯುತ್ತದೆ, ಸುಳ್ಳು ಯಾಕೆ ಹೇಳಲಿ. ಉರಿಯಲಿ, ಆದರೂ ನೀನು ಬಾ. ಅವಳನ್ನು ನೋಡುವವರು ಇನ್ಯಾರೂ ಇಲ್ಲ.

ಊರಿಗೆ ವಾಪಸ್ ಹೋದ ಮೇಲೆ ಕೂತು ಉದ್ದಕ್ಕೆ ಬರೆ. ಊಟ ಮಾಡುತ್ತಾಳಾ, ಇಳಿದು ಹೋಗಿದ್ದಾಳಾ, ಕೂದಲು ಕತ್ತರಿಸಿದ್ದಾರಾ, ಏನು ಹೇಳಿದಳು, ಎಲ್ಲಿ ಸುಮ್ಮನಾದಳು, ಎಲ್ಲವನ್ನೂ ಬರೆ. ಅವಳು ನಿನ್ನನ್ನು ಅಮ್ಮ ಎಂದರೆ, ಅದೊಂದನ್ನು ಬರೆಯಬೇಡ.

ಅಕ್ಕ